ಲಯ ಆಕಾಶದ್ದು, ಎತ್ತರ ನೆಲದ್ದು: ಕಡಲಿನ ಭರತ-ಇಳಿತ



ವಿಜ್ಞಾನದ ಸಂಗತಿಯೊಂದನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಬೇಕೆಂಬುದು ಈ ಉಪನ್ಯಾಸ ದತ್ತಿಯ ಆಶಯ. ಆ ಹೊಣೆಯನ್ನು ಈ ವರ್ಷ ನನಗೆ ವಹಿಸಿದ್ದೀರಿ. ಕೃತಜ್ಞನಾಗಿದ್ದೇನೆ.

ಈ ಸಭಾಂಗಣದಿಂದ ಅಘನಾಶಿನಿ ನದಿಯ ಅಳಿವೆ ಹೆಚ್ಚು ದೂರವಿಲ್ಲ. ಇಲ್ಲಿ ಕುಳಿತಿರುವ ಅನೇಕರು ನೀರು ಏರುವುದನ್ನೂ ಇಳಿಯುವುದನ್ನೂ ನೋಡುತ್ತಲೇ ಬೆಳೆದವರು. ದೋಣಿ ಬಿಡುವವರು, ಚಿಪ್ಪಿಕಲ್ಲು ಹೆಕ್ಕುವವರು, ಗಜನಿ ಎಂಬ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರು ನಿಮ್ಮ ಮನೆಗಳಲ್ಲಿದ್ದಾರೆ. ಅವರ ದಿನಚರಿಯನ್ನು ಗೋಡೆಯ ಗಡಿಯಾರಕ್ಕಿಂತ ಭರತವೇ ಹೆಚ್ಚು ನಡೆಸುತ್ತದೆ. ಅಂಥವರ ಮುಂದೆ ಭರತ-ಇಳಿತದ ಮಾತೆತ್ತಲು ನನಗೆ ಅಳುಕಿದೆ. ಆದರೂ ಎತ್ತುತ್ತಿದ್ದೇನೆ. ಅದಕ್ಕೆ ಕಾರಣ ಒಬ್ಬ ವಿದ್ಯಾರ್ಥಿನಿ.

ಮೂವತ್ತು ವರ್ಷ ನಾನು ಭೌತಶಾಸ್ತ್ರ ಪಾಠ ಮಾಡಿದೆ. ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಅದೇ ಚಿತ್ರ ಬರೆಯುತ್ತಿದ್ದೆ: ನಡುವೆ ಭೂಮಿ, ಬಲಕ್ಕೆ ಚಂದ್ರ, ಚಂದ್ರನ ಕಡೆಗೆ ನೀರಿನ ಒಂದು ಉಬ್ಬು, ಹಿಂಬದಿಗೆ ಇನ್ನೊಂದು. ಒಂದು ವರ್ಷ ಅಳಿವೆಯ ಬಾಗಿಲಿನಲ್ಲಿರುವ ತದಡಿಯ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಹುಣ್ಣಿಮೆ ದಿನ ನಡುರಾತ್ರಿಗೆ ಚಂದ್ರ ನೆತ್ತಿಯ ಮೇಲೆ ಬರ್ತಾನೆ. ನಿಮ್ಮ ಚಿತ್ರದ ಪ್ರಕಾರ ಆಗ ಪೂರ್ತಿ ಭರತ ಇರಬೇಕು. ಆದರೆ ನಮ್ಮಲ್ಲಿ ಆ ಹೊತ್ತಿಗೆ ನೀರು ಇಳಿಯೋಕೆ ಶುರುವಾಗಿರ್ತದೆ. ಅಜ್ಜ ಹತ್ತೂವರೆಗೇ ದೋಣಿ ಕಟ್ಟಿಬಿಡ್ತಾರೆ" ಎಂದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಅಜ್ಜ ಸರಿಯಾಗಿದ್ದರು, ನನ್ನ ಚಿತ್ರ ಅರ್ಧ ಮಾತ್ರ ಸರಿಯಾಗಿತ್ತು. ಇಂದಿನ ಉಪನ್ಯಾಸ ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ತಿಳಿಯಿರಿ.

ಮೊದಲು, ಒಬ್ಬನೇ ಚಂದ್ರನಿಗೆ ದಿನಕ್ಕೆ ಎರಡು ಭರತ ಏಕೆ ಎಂಬುದನ್ನು ನೋಡೋಣ. ಆಮೇಲೆ ಸೂರ್ಯನ ಪಾಲು, ಅದರೊಂದಿಗೆ ನಮ್ಮ ಪಂಚಾಂಗದ ತಿಥಿ. ಮೂರನೆಯದು ಆ ಹುಡುಗಿಯ ಪ್ರಶ್ನೆ. ಅದರ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕೊನೆಯಲ್ಲಿ, ಭರತ-ಇಳಿತ ಭೂಮಿಗೂ ಚಂದ್ರನಿಗೂ ಏನು ಮಾಡುತ್ತಿದೆ ಎಂಬ ದೀರ್ಘಕಾಲದ ಲೆಕ್ಕವನ್ನು ಚಿಕ್ಕದಾಗಿ ಹೇಳುತ್ತೇನೆ.

ಕಡಲು ಚಂದ್ರನೊಂದಿಗೆ ಏರಿಳಿಯುತ್ತದೆ ಎಂಬುದು ಹೊಸ ತಿಳಿವಳಿಕೆಯಲ್ಲ. ವಿಷ್ಣುಪುರಾಣದಲ್ಲಿ ಈ ಮಾತು ಬರುತ್ತದೆ. ಒಲೆಯ ಮೇಲಿಟ್ಟ ಪಾತ್ರೆಯ ನೀರಿನಂತೆ ಕಡಲು ಚಂದ್ರನ ವೃದ್ಧಿಯೊಂದಿಗೆ ಉಬ್ಬುತ್ತದೆ, ಆದರೆ ನೀರಿನ ಒಟ್ಟು ಮೊತ್ತ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ ಎಂಬ ವಿವರಣೆ ಅಲ್ಲಿದೆ. ನೀರು ಕಾದು ಉಬ್ಬುತ್ತದೆ ಎಂಬ ಕಾರಣ ಸರಿಯಲ್ಲ. ಮೊತ್ತ ಬದಲಾಗುವುದಿಲ್ಲ ಎಂಬ ಗ್ರಹಿಕೆ ಮಾತ್ರ ನೂರಕ್ಕೆ ನೂರು ಸರಿ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ ಗುಜರಾತಿನ ಭರೂಚ್ ಬಂದರಿನ ವರ್ಣನೆಯಿದೆ. ಅಲ್ಲಿ ಇಳಿತದಲ್ಲಿ ಕಡಲ ತಳ ಕಾಣುತ್ತದೆ, ಹಡಗುಗಳು ಒಣನೆಲದ ಮೇಲೆ ನಿಂತುಬಿಡುತ್ತವೆ, ಅಮಾವಾಸ್ಯೆಯ ಭರತ ದೂರಕ್ಕೆ ಕೇಳುವಂತೆ ಸದ್ದು ಮಾಡುತ್ತ ನರ್ಮದೆಯೊಳಗೆ ನುಗ್ಗುತ್ತದೆ. ಪರದೇಶದ ಹಡಗುಗಳನ್ನು ಬಂದರಿಗೆ ತರಲು ಅಲ್ಲಿನ ರಾಜ ಸ್ಥಳೀಯ ಬೆಸ್ತರನ್ನು ನೇಮಿಸಿದ್ದನೆಂದೂ ಆ ಗ್ರಂಥ ಹೇಳುತ್ತದೆ. ಆ ನೀರಿನ ಲೆಕ್ಕ ಅವರಿಗೆ ಮಾತ್ರ ಗೊತ್ತಿತ್ತು.

ಹಾಗಾದರೆ ಕಾರಣ ಏಕೆ ಇಷ್ಟು ಕಾಲ ಕೈಗೆ ಸಿಗಲಿಲ್ಲ? ದೊಡ್ಡ ದೊಡ್ಡವರೇ ಇಲ್ಲಿ ಎಡವಿದ್ದಾರೆ. ಚಂದ್ರನ ಸೆಳೆತವೇ ಕಾರಣವೆಂದು ಕೆಪ್ಲರ್ 1609ರಲ್ಲಿ ಬರೆದ. ಗೆಲಿಲಿಯೋಗೆ ಅದು ಮಾಟಮಂತ್ರದ ಮಾತಿನಂತೆ ಕಂಡಿತು. ಭೂಮಿಯ ಚಲನೆಯಿಂದಲೇ ಕಡಲು ಕುಲುಕುತ್ತದೆಂದು 1632ರಲ್ಲಿ ಅವನು ವಾದಿಸಿದ. ಆ ವಾದದ ಪ್ರಕಾರ ದಿನಕ್ಕೆ ಒಂದೇ ಭರತ ಬರಬೇಕು. ಬರುವುದು ಎರಡು. ಇಬ್ಬರ ನಡುವಿನ ಗಂಟನ್ನು ಬಿಡಿಸಿದ್ದು ನ್ಯೂಟನ್, 1687ರಲ್ಲಿ.

ಅವನ ವಿವರಣೆಯ ತಿರುಳು ಒಂದೇ ಪದದಲ್ಲಿದೆ: ವ್ಯತ್ಯಾಸ. ಗುರುತ್ವ ದೂರವಾದಂತೆ ಕ್ಷೀಣಿಸುತ್ತದೆ. ಭೂಮಿಯ ಕೇಂದ್ರದಿಂದ ಚಂದ್ರನಿಗೆ ಸರಾಸರಿ 3,84,400 ಕಿಲೋಮೀಟರ್. ಚಂದ್ರನಿಗೆ ಮುಖ ಮಾಡಿದ ಕಡಲು ಅದಕ್ಕಿಂತ ಸುಮಾರು 6,400 ಕಿಲೋಮೀಟರ್ ಹತ್ತಿರ, ಬೆನ್ನು ಹಾಕಿದ ಕಡಲು ಅಷ್ಟೇ ದೂರ. ಭೂಮಿ ಇಡಿಯಾಗಿ ಚಂದ್ರನ ಕಡೆಗೆ ಸೆಳೆಸಿಕೊಳ್ಳುತ್ತಲೇ ಇರುತ್ತದೆ. ಹತ್ತಿರದ ನೀರು ಸರಾಸರಿಗಿಂತ ಹೆಚ್ಚು ಸೆಳೆಸಿಕೊಂಡು ಮುಂದಾಗುತ್ತದೆ, ದೂರದ ನೀರು ಕಡಿಮೆ ಸೆಳೆಸಿಕೊಂಡು ಹಿಂದುಳಿಯುತ್ತದೆ. ಮೂವರು ಒಂದೇ ಸಾಲಿನಲ್ಲಿ ಓಡುವಾಗ ಮುಂದಿನವನು ವೇಗವಾಗಿ, ನಡುವಿನವನು ಸಾಧಾರಣವಾಗಿ, ಹಿಂದಿನವನು ನಿಧಾನವಾಗಿ ಓಡಿದರೆ ಏನಾಗುತ್ತದೆ? ನಡುವಿನವನ ಕಣ್ಣಿಗೆ ಇಬ್ಬರೂ ತನ್ನಿಂದ ದೂರ ಸರಿದಂತೆ ಕಾಣುತ್ತದೆ. ಎರಡು ಉಬ್ಬುಗಳ ಗುಟ್ಟು ಇಷ್ಟೇ. ಹಿಂಬದಿಯ ಉಬ್ಬನ್ನು ಯಾರೂ ಹೊರಕ್ಕೆ ತಳ್ಳುತ್ತಿಲ್ಲ, ಅದು ಹಿಂದೆ ಉಳಿದ ನೀರು.

ಭೂಮಿ ತನ್ನ ಸುತ್ತ ತಿರುಗುತ್ತಿರುವಾಗ ಚಂದ್ರನೂ ಮುಂದೆ ಸರಿದಿರುತ್ತಾನೆ. ಇಂದು ನೆತ್ತಿಗೆ ಬಂದ ಚಂದ್ರ ನಾಳೆ ಅಲ್ಲಿಗೆ ಮರಳಲು 24 ಗಂಟೆ 50 ನಿಮಿಷ ಬೇಕು. ಅದರ ಅರ್ಧ 12 ಗಂಟೆ 25 ನಿಮಿಷ. ಒಂದು ಭರತದಿಂದ ಮುಂದಿನ ಭರತಕ್ಕೆ ಇರುವ ಸರಾಸರಿ ಅಂತರ ಇದೇ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಚಂದ್ರ ನೀರನ್ನು ಮೇಲಕ್ಕೆ ಎತ್ತುತ್ತಾನೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಆದರೆ ಆ ಎತ್ತುವ ಬಲ ಭೂಮಿಯ ಗುರುತ್ವದ ಸುಮಾರು ತೊಂಬತ್ತು ಲಕ್ಷದಲ್ಲಿ ಒಂದು ಪಾಲು. ಎಪ್ಪತ್ತು ಕಿಲೋ ತೂಗುವ ಮನುಷ್ಯನ ತೂಕ ಅದರಿಂದ ಎಂಟು ಮಿಲಿಗ್ರಾಂ ತಗ್ಗಬಹುದು, ಅರ್ಧ ಅಕ್ಕಿಕಾಳಿನಷ್ಟೂ ಇಲ್ಲ. ಇಷ್ಟು ಕ್ಷೀಣವಾದ ಬಲ ಕಡಲನ್ನು ಎತ್ತಲಾರದು. ಅದು ಮಾಡುವುದು ಬೇರೆ: ನೀರನ್ನು ಅಡ್ಡಕ್ಕೆ ಜಾರಿಸುತ್ತದೆ. ಚಂದ್ರ ನೇರ ನೆತ್ತಿಯಲ್ಲಿಲ್ಲದ ಕಡೆಗಳಲ್ಲಿ ಅವನ ಸೆಳೆತದ ಒಂದು ಅಂಶ ಕಡಲ ಮೇಲ್ಮೈಗೆ ಸಮಾನಾಂತರವಾಗಿ ಕೆಲಸ ಮಾಡುತ್ತದೆ. ಅಡ್ಡಕ್ಕೆ ಸರಿಯುವ ನೀರನ್ನು ಭೂಮಿಯ ಗುರುತ್ವ ತಡೆಯುವುದಿಲ್ಲ. ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಎಲ್ಲ ನೀರೂ ಸ್ವಲ್ಪ ಸ್ವಲ್ಪ ಸರಿದು ಒಂದೆಡೆ ಸೇರಿದಾಗ ಅಲ್ಲಿ ಮಟ್ಟ ಏರುತ್ತದೆ.

ಆದ್ದರಿಂದಲೇ ಬಾವಿಗೆ, ಕೆರೆಗೆ ನಮ್ಮ ಕಣ್ಣಿಗೆ ಕಾಣುವ ಭರತವಿಲ್ಲ. ಸರಿದು ಬಂದು ಸೇರಲು ಅಲ್ಲಿ ಹರವಿಲ್ಲ. ನಮ್ಮ ದೇಹದಲ್ಲಿ ನೀರೇ ಹೆಚ್ಚು, ಹಾಗಾಗಿ ಹುಣ್ಣಿಮೆಯಂದು ಅದೂ ಉಬ್ಬರಿಸುತ್ತದೆ ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳುತ್ತೇನೆ. ಆರಡಿಯ ದೇಹದ ತಲೆಗೂ ಕಾಲಿಗೂ ಚಂದ್ರನ ಸೆಳೆತದಲ್ಲಿರುವ ವ್ಯತ್ಯಾಸ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಕಡಲಿಗೆ ಭರತ ಬರುವುದು ಅದು ನೀರಾದ್ದರಿಂದ ಮಾತ್ರವಲ್ಲ, ಅದು ಅಷ್ಟು ವಿಶಾಲವಾದ್ದರಿಂದ. ಇಡೀ ಭೂಮಿಯಷ್ಟು ವಿಶಾಲವಾದರೆ ಗಟ್ಟಿನೆಲವೂ ಅಲುಗುತ್ತದೆ. ನಾವು ಕುಳಿತಿರುವ ಈ ನೆಲ ದಿನಕ್ಕೆರಡು ಸಲ ಸುಮಾರು ಒಂದಡಿಯಷ್ಟು ಏರಿ ಇಳಿಯುತ್ತಿದೆ. ಸುತ್ತಲಿನದೆಲ್ಲವೂ ಒಟ್ಟಿಗೆ ಏರುವುದರಿಂದ ನಮಗೆ ತಿಳಿಯುವುದಿಲ್ಲ.

ಇನ್ನು ಸೂರ್ಯನ ಕಡೆಗೆ ಬರೋಣ.

ಬರಿಯ ಸೆಳೆತವನ್ನೇ ಎಣಿಸಿದರೆ ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಬಲವಾಗಿ ಎಳೆಯುತ್ತಾನೆ. ಆದರೆ ಭರತವನ್ನು ತರುವುದು ವ್ಯತ್ಯಾಸ ಎಂದೆ. ವ್ಯತ್ಯಾಸವು ದೂರದ ಘನದೊಂದಿಗೆ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಅದು ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಬರೆದುಕೊಳ್ಳಲಿ, ಚೆಲುವಾದ ಲೆಕ್ಕ ಇದು. ಸೂರ್ಯನ ದ್ರವ್ಯರಾಶಿ ಚಂದ್ರನದಕ್ಕಿಂತ ಸುಮಾರು 2 ಕೋಟಿ 70 ಲಕ್ಷ ಪಟ್ಟು. ಅವನಿರುವ ದೂರ ಸುಮಾರು 389 ಪಟ್ಟು. 389ರ ಘನ 5 ಕೋಟಿ 90 ಲಕ್ಷದ ಹತ್ತಿರ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.46. ಎಂದರೆ ಸೂರ್ಯನ ಭರತ ಚಂದ್ರನ ಭರತದ ಅರ್ಧಕ್ಕಿಂತ ತುಸು ಕಡಿಮೆ.

ಅರ್ಧವೆಂದರೆ ಕಡೆಗಣಿಸುವಂಥದ್ದಲ್ಲ. ಅಮಾವಾಸ್ಯೆಯಲ್ಲಿ ಸೂರ್ಯ ಚಂದ್ರರು ಒಂದೇ ಕಡೆ, ಹುಣ್ಣಿಮೆಯಲ್ಲಿ ಎದುರುಬದುರು. ಎರಡು ಸಂದರ್ಭಗಳಲ್ಲೂ ಮೂವರೂ ಒಂದೇ ಸಾಲಿನಲ್ಲಿರುವುದರಿಂದ ಅವರ ಭರತಗಳು ಕೂಡಿಕೊಳ್ಳುತ್ತವೆ, ದೊಡ್ಡ ಭರತ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಇಬ್ಬರೂ ಲಂಬಕೋನದಲ್ಲಿರುತ್ತಾರೆ. ಚಂದ್ರ ಏರಿಸಿದ ಕಡೆ ಸೂರ್ಯ ಇಳಿಸುತ್ತಾನೆ, ಆಗ ಸಣ್ಣ ಭರತ. ಕಾರವಾರದಿಂದ ಹೊನ್ನಾವರದವರೆಗಿನ ನಮ್ಮ ಕರಾವಳಿಯಲ್ಲಿ ದೊಡ್ಡ ಭರತದ ಏರಿಳಿತ ಸುಮಾರು ಒಂದೂವರೆಯಿಂದ ಎರಡು ಮೀಟರ್. ಅಷ್ಟಮಿಯ ಸುತ್ತ ಅದು ಮುಕ್ಕಾಲು ಮೀಟರಿನ ಆಸುಪಾಸಿಗೆ ಕುಗ್ಗುತ್ತದೆ.

ಈ ಹಂತದಲ್ಲಿ ಪಂಚಾಂಗವನ್ನು ತೆರೆಯಬೇಕು. ನಕ್ಷತ್ರ, ಯೋಗ, ಕರಣಗಳ ಫಲದ ಬಗ್ಗೆ ಅಲ್ಲ ನನ್ನ ಮಾತು, ತಿಥಿಯ ಬಗ್ಗೆ. ತಿಥಿ ಎಂದರೆ ಚಂದ್ರನು ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಸರಿಯಲು ಹಿಡಿಯುವ ಕಾಲ. ಅಮಾವಾಸ್ಯೆ ಮುಗಿಯುವಾಗ ಇಬ್ಬರ ನಡುವಿನ ಕೋನ ಸೊನ್ನೆ, ಹುಣ್ಣಿಮೆ ಮುಗಿಯುವಾಗ 180 ಡಿಗ್ರಿ, ಅಷ್ಟಮಿಯ ನಟ್ಟನಡುವೆ 90. ಭರತದ ದೊಡ್ಡಸ್ತಿಕೆಯನ್ನು ನಿರ್ಧರಿಸುವ ಕೋನವೂ ಅದೇ. ತಿಂಗಳಿಗೆ ಇಷ್ಟು ದಿನ ಎಂದು ಕಟ್ಟಿದ ಕ್ಯಾಲೆಂಡರ್ ನೋಡಿ ಭರತವನ್ನು ಹೇಳಲಾಗದು, ತಿಥಿ ನೋಡಿ ಹೇಳಬಹುದು. ಕೊಂಕಣ ಕರಾವಳಿಯಲ್ಲಿ ಒಂದು ಬಾಯಿಲೆಕ್ಕವಿದೆ: ತಿಥಿಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಪೂರ್ಣ ಭರತದ ಗಂಟೆ ಸಿಗುತ್ತದೆ. ಅಷ್ಟಮಿಗೆ ಎಂಟು ಮೂರಲ ಇಪ್ಪತ್ತನಾಲ್ಕು, ನಾಲ್ಕರಿಂದ ಭಾಗಿಸಿದರೆ ಆರು ಗಂಟೆ. ಮುಂಬೈ ಸುತ್ತಿನ ನೀರಿಗೆ ಇದು ಬಹುಮಟ್ಟಿಗೆ ಹೊಂದುತ್ತದೆ. ಮುಕ್ಕಾಲು ಗಂಟೆ ಎಂದರೆ 45 ನಿಮಿಷ. ಭರತ ದಿನದಿನಕ್ಕೆ ತಡವಾಗುವ ಸರಾಸರಿ 50 ನಿಮಿಷಕ್ಕೆ ಅದು ಎಷ್ಟು ಹತ್ತಿರವಿದೆ ನೋಡಿ! ಶಾಲೆಯ ಮೆಟ್ಟಿಲು ಹತ್ತದವರು ದೋಣಿಯಲ್ಲಿ ಕುಳಿತು ಇದನ್ನು ಕಂಡುಕೊಂಡರು. ಇದಕ್ಕೆ ಸಲ್ಲಬೇಕಾದ ಗೌರವವನ್ನು ನಮ್ಮ ಪಠ್ಯಪುಸ್ತಕಗಳು ಸಲ್ಲಿಸಿಲ್ಲ ಎಂಬ ನೋವು ನನಗಿದೆ.

ತಿಥಿಯೊಂದೇ ಸಾಲದು ಎಂಬುದನ್ನೂ ಸೇರಿಸಬೇಕು. ಚಂದ್ರ ಕೆಲವೊಮ್ಮೆ ಮೂರು ಲಕ್ಷ 57 ಸಾವಿರ ಕಿಲೋಮೀಟರಿನಷ್ಟು ಹತ್ತಿರ ಬರುತ್ತಾನೆ, ಕೆಲವೊಮ್ಮೆ ನಾಲ್ಕು ಲಕ್ಷ ಆರು ಸಾವಿರ ದಾಟುತ್ತಾನೆ. ಘನದ ಲೆಕ್ಕದಿಂದಾಗಿ ಹತ್ತಿರದ ಚಂದ್ರನ ಭರತಬಲ ಸರಾಸರಿಗಿಂತ ಕಾಲುಭಾಗ ಹೆಚ್ಚು. ಚಂದ್ರ ಭೂಮಧ್ಯರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿದ್ದರೆ ಒಂದೇ ದಿನದ ಎರಡು ಭರತಗಳು ಸಮನಾಗಿರುವುದಿಲ್ಲ. ನಮ್ಮ ತೀರದಲ್ಲಿ ಈ ಏರುಪೇರು ಎದ್ದು ಕಾಣುತ್ತದೆ.

ಈಗ ಆ ಹುಡುಗಿಯ ಪ್ರಶ್ನೆ. ಚಂದ್ರ ನೆತ್ತಿಗೆ ಬರುವ ಮುಂಚೆಯೇ ನಮ್ಮ ಅಳಿವೆ ಏಕೆ ತುಂಬಿ ಇಳಿಯತೊಡಗುತ್ತದೆ?

ನ್ಯೂಟನ್ ಕಲ್ಪಿಸಿದ ಭೂಮಿಯಲ್ಲಿ ನೆಲವೇ ಇರಲಿಲ್ಲ, ಎಲ್ಲೆಡೆ ಒಂದೇ ಆಳದ ಕಡಲು. ಅಂಥ ಕಡಲಿನಲ್ಲೂ ಚಂದ್ರನ ಭರತದ ಏರಿಳಿತ ಅರ್ಧ ಮೀಟರಿಗಿಂತ ತುಸು ಹೆಚ್ಚು, ಸೂರ್ಯನದು ಕಾಲು ಮೀಟರ್. ಉಬ್ಬು ಚಂದ್ರನ ಕೆಳಗೇ ನಿಲ್ಲಬೇಕಾದರೆ ಅದು ಭೂಮಧ್ಯರೇಖೆಯಲ್ಲಿ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಆದರೆ ಇಂಥ ಉದ್ದನೆಯ ಅಲೆಯ ವೇಗವನ್ನು ನೀರಿನ ಆಳ ಕಟ್ಟಿಹಾಕುತ್ತದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅದು ಗಂಟೆಗೆ 700 ಕಿಲೋಮೀಟರಿನಷ್ಟು ಮಾತ್ರ ಓಡಬಲ್ಲದು. ಓಡಿದರೂ ಆಫ್ರಿಕಾ ಅಡ್ಡ ಬರುತ್ತದೆ, ಅಮೆರಿಕ ಅಡ್ಡ ಬರುತ್ತದೆ. ಚಂದ್ರನ ಹಿಂದೆ ಓಡುವ ಉಬ್ಬು ನಿಜವಾದ ಕಡಲಿನಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಏನಿದೆ? ತೂಗುವ ನೀರಿದೆ. ನೀರು ತುಂಬಿದ ಅಗಲವಾದ ಹರಿವಾಣವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ನೀರು ಒಂದಂಚಿಗೆ ಏರುತ್ತದೆ, ಇನ್ನೊಂದಂಚಿಗೆ ಹಿಂತಿರುಗುತ್ತದೆ. ಅಲುಗಿಸುವ ಲಯ ನಿಮ್ಮ ಕೈಯದು. ಆದರೆ ಯಾವ ಅಂಚಿನಲ್ಲಿ ಎಷ್ಟು ಎತ್ತರಕ್ಕೆ, ಯಾವ ಕ್ಷಣದಲ್ಲಿ ಏರಬೇಕೆಂಬುದನ್ನು ಹರಿವಾಣದ ಆಕಾರ ಮತ್ತು ಆಳ ನಿರ್ಧರಿಸುತ್ತವೆ. ಕಡಲು ಅಂಥ ಹರಿವಾಣಗಳ ಸಮೂಹ. ಸೂರ್ಯ ಚಂದ್ರರು ಲಯ ಕೊಡುತ್ತಾರೆ. ಅರಬ್ಬಿ ಸಮುದ್ರ ತನ್ನ ಮೈಕಟ್ಟಿಗೆ ತಕ್ಕಂತೆ ಉತ್ತರ ಕೊಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ತೂಗಾಟ ಕೆಲವು ಬಿಂದುಗಳ ಸುತ್ತ ಗಿರಕಿ ಹೊಡೆಯುತ್ತದೆ. ಆ ಬಿಂದುಗಳಲ್ಲಿ ಭರತವೇ ಇರುವುದಿಲ್ಲ. ಈ ಚಲನೆಯ ಗಣಿತವನ್ನು ಕಟ್ಟಿಕೊಟ್ಟವನು ಫ್ರಾನ್ಸಿನ ಲಾಪ್ಲಾಸ್, 1770ರ ದಶಕದಲ್ಲಿ.

ನಮ್ಮ ಪಶ್ಚಿಮ ತೀರದ ಉದ್ದಕ್ಕೂ ಇದಕ್ಕೆ ಸಾಕ್ಷಿಯಿದೆ. ಕೊಚ್ಚಿಯಲ್ಲಿ ಏರಿಳಿತ ಒಂದು ಮೀಟರಿನ ಸುತ್ತಮುತ್ತ. ಕಾರವಾರದಲ್ಲಿ ಅದಕ್ಕಿಂತ ಹೆಚ್ಚು. ಮುಂಬೈಯಲ್ಲಿ ದೊಡ್ಡ ಭರತ ನಾಲ್ಕೈದು ಮೀಟರ್ ಮುಟ್ಟುತ್ತದೆ. ಖಂಬಾತ್ ಕೊಲ್ಲಿಯೊಳಗೆ, ಭಾವನಗರದ ಬಳಿ, ಹತ್ತು ಮೀಟರನ್ನೂ ದಾಟುತ್ತದೆ. ಇವೆಲ್ಲದರ ಮೇಲಿರುವವನು ಒಬ್ಬನೇ ಚಂದ್ರ, ಒಂದೇ ತಿಥಿ. ಬದಲಾದದ್ದು ನೆಲ. ಬಡಗಣಕ್ಕೆ ಹೋದಂತೆ ತೀರದಾಚೆಯ ಆಳವಿಲ್ಲದ ಕಡಲತಳ ಅಗಲವಾಗುತ್ತದೆ. ಖಂಬಾತ್ ಕೊಲ್ಲಿ ಆಲಿಕೆಯಂತೆ ಕಿರಿದಾಗುತ್ತ ಹೋಗುತ್ತದೆ. ಒಳನುಗ್ಗಿದ ನೀರಿಗೆ ಮೇಲೇರುವುದಲ್ಲದೆ ಬೇರೆ ದಾರಿಯಿಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರಿನ ಸ್ವಂತ ತೂಗಾಟದ ಅವಧಿ ಚಂದ್ರನ ಲಯಕ್ಕೆ ಬಹಳ ಸಮೀಪವಿದೆ. ಜೋಕಾಲಿಯನ್ನು ಸರಿಯಾದ ಗಳಿಗೆಗೆ ತಳ್ಳಿದಂತೆ ಅಲ್ಲಿ ಏರಿಳಿತ 16 ಮೀಟರ್ ತಲುಪುತ್ತದೆ.

ಹುಡುಗಿಯ ಅಜ್ಜ ಹೇಳಿದ ಹೊತ್ತೂ ಹೀಗೆಯೇ ಬಂದದ್ದು. ಕಾರವಾರ-ಕುಮಟಾ ಭಾಗದಲ್ಲಿ ಚಂದ್ರ ನೆತ್ತಿ ದಾಟಿದ ಸುಮಾರು ಹತ್ತೂವರೆ ಗಂಟೆಗಳ ಮೇಲೆ ಭರತ ಪೂರ್ಣವಾಗುತ್ತದೆ. ಆದ್ದರಿಂದ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ, ಬೆಳಿಗ್ಗೆಯಾಗಲಿ ರಾತ್ರಿಯಾಗಲಿ, ಹತ್ತು ಹನ್ನೊಂದರ ನಡುವೆ ನೀರು ತುಂಬಿ ನಿಲ್ಲುತ್ತದೆ. ಮುಂಬೈಯಲ್ಲಿ ಸುಮಾರು ಒಂದು ಗಂಟೆ ತಡ. ಅತಿ ದೊಡ್ಡ ಭರತ ಹುಣ್ಣಿಮೆಯ ದಿನವೇ ಬಾರದೆ ಒಂದೆರಡು ದಿನ ಕಳೆದು ಬರುವುದೂ ಇದೇ ಕಾರಣಕ್ಕೆ. ಭಾರವಾದ ನೀರು ಲಯಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು.

ಇದರಿಂದ ಒಂದು ಫಲಿತಾಂಶ ಹೊರಡುತ್ತದೆ. ಯಾವುದೇ ಬಂದರಿನ ಭರತವನ್ನು ಕೇವಲ ಆಕಾಶ ನೋಡಿ ಹೇಳಲಾಗದು, ಆ ಬಂದರಿನಲ್ಲೇ ಅಳೆಯಬೇಕು. ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ 1860ರ ದಶಕದಲ್ಲಿ ಅದಕ್ಕೊಂದು ದಾರಿ ತೋರಿಸಿದ. ಅಳತೆಗಳನ್ನು ಹಲವು ಸರಳ ಲಯಗಳಾಗಿ ಬಿಡಿಸಬೇಕು: ಚಂದ್ರನದೊಂದು, ಸೂರ್ಯನದೊಂದು, ಚಂದ್ರನ ದೂರದ್ದೊಂದು, ಅವನ ಉತ್ತರ-ದಕ್ಷಿಣ ಸರಿತದ್ದೊಂದು. ಪ್ರತಿ ಲಯಕ್ಕೂ ಆ ಬಂದರಿನಲ್ಲಿ ಎತ್ತರವೆಷ್ಟು, ತಡವೆಷ್ಟು ಎಂದು ಒಮ್ಮೆ ಕಂಡುಕೊಂಡರೆ ಮುಂದಿನ ವರ್ಷಗಳ ಭರತವನ್ನು ಕೂಡಿಸಿ ಹೇಳಬಹುದು. ಗಾಲಿ ರಾಟೆಗಳಿಂದ ಈ ಕೂಡಿಕೆ ಮಾಡುವ ಯಂತ್ರವನ್ನೂ ಅವನು 1872ರ ಸುಮಾರಿಗೆ ರೂಪಿಸಿದ. ಅದರ ಬೆನ್ನಿಗೇ, 1879ರಲ್ಲಿ, ಭಾರತದ ಬಂದರುಗಳಿಗೆಂದೇ ಒಂದು ಯಂತ್ರ ಲಂಡನ್ನಿನಲ್ಲಿ ಸಿದ್ಧವಾಯಿತು. ಆ ದಶಕದಲ್ಲಿ ಸರ್ವೇ ಆಫ್ ಇಂಡಿಯಾ ನಮ್ಮ ಬಂದರುಗಳಲ್ಲಿ ಭರತಮಾಪಕಗಳನ್ನು ನೆಟ್ಟು ಅಳೆಯತೊಡಗಿತ್ತು. ಕಾರವಾರವೂ ಆ ಪಟ್ಟಿಯಲ್ಲಿತ್ತು. ಇಂದು ಬಂದರು ಕಚೇರಿಗಳಲ್ಲಿ ಕಾಣುವ ಭರತಪಟ್ಟಿಗಳು ಆ ವಂಶದವೇ.

ಅಳಿವೆಯೊಳಗೆ ಬಂದ ಮೇಲೆ ಭರತದ ಕಥೆ ಇನ್ನಷ್ಟು ಸ್ಥಳೀಯವಾಗುತ್ತದೆ. ತದಡಿಯಲ್ಲಿ ಒಳಹೊಕ್ಕ ಉಪ್ಪುನೀರು ಮಿರ್ಜಾನ್ ದಾಟಿ, ದೀವಗಿ ಸೇತುವೆಯ ಕೆಳಗೆ ಹಾದು ಮೇಲೇರುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮೇಲಿನಿಂದ ಸಿಹಿನೀರು, ಕೆಳಗಿನಿಂದ ಉಪ್ಪುನೀರು, ಎರಡೂ ತಮ್ಮ ತಮ್ಮ ಕಾಲಕ್ಕೆ ಬರುತ್ತವೆ. ಮಳೆಗಾಲದ ಸಿಹಿನೀರಿನಲ್ಲಿ ಗಜನಿಯ ಕಗ್ಗ ಬೆಳೆಯುತ್ತದೆ. ಕೊಯ್ಲಿನ ನಂತರ ಒಡ್ಡಿನ ಬಾಗಿಲು ತೆರೆದರೆ ಭರತದೊಂದಿಗೆ ಮೀನು, ಸಿಗಡಿ ಒಳಬರುತ್ತವೆ. ಸಾಣಿಕಟ್ಟೆಯ ಉಪ್ಪಿನಾಗರಗಳಿಗೂ ಈ ನೀರೇ ಆಧಾರ. ಇಳಿತದಲ್ಲಿ ನೀರು ತಗ್ಗುವ ಕೆಸರುನೆಲದಲ್ಲಿ ಚಿಪ್ಪಿಕಲ್ಲು ಹೆಕ್ಕಲು ಹೆಂಗಸರು ಸೊಂಟದವರೆಗಿನ ನೀರಿಗಿಳಿಯುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಿತವಾಯಿತು. ಆ ಗೌರವದ ಮೂಲದಲ್ಲಿ ದಿನಕ್ಕೆರಡು ಸಲ ತಡೆಯಿಲ್ಲದೆ ಬಂದು ಹೋಗುವ ನೀರಿದೆ ಎಂಬುದನ್ನು ಅಲ್ಲಿ ಏನನ್ನಾದರೂ ಕಟ್ಟಹೊರಟವರು ನೆನಪಿಡಬೇಕು. ದೋಣಿಯವರಿಗೆ ಗೊತ್ತಿರುವ ಇನ್ನೊಂದು ಸಂಗತಿ: ಇಳಿತದ ರಭಸ ಹೊರಗೆ ಹರಿಯುವಾಗ ಎದುರಿನಿಂದ ಕಡಲ ತೆರೆ ಬಂದರೆ ಅಳಿವೆ ಬಾಗಿಲಲ್ಲಿ ತೆರೆಗಳು ಕಡಿದಾಗಿ ಏಳುತ್ತವೆ. ಆ ಹೊತ್ತಿನಲ್ಲಿ ಒಳಬರುವುದು ಪ್ರಾಣಕ್ಕೆ ಅಪಾಯ.

ಉಳಿದದ್ದು ದೀರ್ಘಕಾಲದ ಲೆಕ್ಕ. ಅದನ್ನು ಬೇಗ ಮುಗಿಸುತ್ತೇನೆ. ಭರತ-ಇಳಿತದ ನೀರು ಕಡಲತಳಕ್ಕೆ ಉಜ್ಜುತ್ತದೆ. ಆ ಘರ್ಷಣೆ ಭೂಮಿಯ ತಿರುಗಾಟಕ್ಕೆ ಬಿರಿಯಂತೆ ಕೆಲಸ ಮಾಡುತ್ತದೆ. ದಿನದ ಅವಧಿ ಶತಮಾನಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ಹಿಗ್ಗುತ್ತಿದೆ. ಭೂಮಿ ಕಳೆದುಕೊಂಡ ಕೋನೀಯ ಸಂವೇಗ ಚಂದ್ರನಿಗೆ ಸೇರಿ, ಅವನು ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಅಲ್ಲಿಟ್ಟ ಪ್ರತಿಫಲಕಕ್ಕೆ ಲೇಸರ್ ಬಿಟ್ಟು ಅಳೆದದ್ದು ಇದು. ದಿನ ಹಿಗ್ಗುತ್ತಿರುವುದಕ್ಕೆ ಹಳೆಯ ಸಾಕ್ಷಿಯೂ ಇದೆ. 1963ರಲ್ಲಿ ಜಾನ್ ವೆಲ್ಸ್ ಎಂಬ ವಿಜ್ಞಾನಿ ಮೂವತ್ತೈದು ಕೋಟಿ ವರ್ಷಕ್ಕೂ ಹಳೆಯ ಹವಳದ ಪಳೆಯುಳಿಕೆಗಳ ಮೇಲಿನ ದಿನದ ಗೆರೆಗಳನ್ನು ಎಣಿಸಿದ. ಒಂದು ವರ್ಷಕ್ಕೆ ಸುಮಾರು 400 ಗೆರೆಗಳಿದ್ದವು. ಎಂದರೆ ಅಂದಿನ ದಿನಕ್ಕೆ ಸುಮಾರು ಇಪ್ಪತ್ತೆರಡೇ ಗಂಟೆ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ ಇಟ್ಟು ನನ್ನ ಮಾತು ಮುಗಿಸುತ್ತೇನೆ. ಇವತ್ತು ಶುಕ್ಲ ಅಷ್ಟಮಿ. ನಾವು ಮಾತನಾಡುತ್ತಿರುವ ಈ ಸಂಜೆ ಅಳಿವೆಯಲ್ಲಿ ಸಣ್ಣ ಭರತ ಏರಿ ನಿಂತಿರಬೇಕು. ನಾಳೆ ಬೆಳಿಗ್ಗೆ ಒಂದು ಬಿದಿರಿನ ಗಳಕ್ಕೆ ಬಣ್ಣದಲ್ಲಿ ಅಳತೆಯ ಗೆರೆ ಎಳೆದು, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಧಕ್ಕೆಯ ಬಳಿ ಭದ್ರವಾಗಿ ನೆಡಿ. ನೀರು ಎಲ್ಲಿಗೆ ಇಳಿಯಿತು, ಸಂಜೆ ಎಲ್ಲಿಗೆ ಏರಿತು, ಗಂಟೆ ಎಷ್ಟಾಗಿತ್ತು, ಬರೆದಿಡಿ. ಹುಣ್ಣಿಮೆ ಕಳೆದ ಮರುದಿನ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕಾದು ಏರಿದ ಮಟ್ಟ ನೋಡಿ, ಸಂಜೆ ಐದರ ಸುಮಾರಿಗೆ ಇಳಿದ ಮಟ್ಟ ನೋಡಿ. ನೋಡುವ ಮೊದಲು ಅಲ್ಲಿನ ದೋಣಿಯವರೊಬ್ಬರನ್ನು ಕೇಳಿ, ಅವರು ಹೇಳಿದ ಹೊತ್ತನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಆ ಹಾಳೆಯನ್ನು ನಿಮ್ಮ ಅಧ್ಯಾಪಕರ ಮೂಲಕ ನನಗೆ ಕಳಿಸಿಕೊಡಿ. ಕಾಯುತ್ತಿರುತ್ತೇನೆ.